ಕಾಫಿಗೆ ಮೊದಲು ಕುಂದು

ಗುರುಮಲ್ಲಪ್ಪನವರು ಗಂಡಿನವರ ಮನೆಗಾಗಲಿ ಹೆಣ್ಣಿನವರ ಮನೆಗಾಗಲಿ ಸಂಬಂಧದ ಮಾತು ಹೊತ್ತು ಹೋದಾಗ, ತಾವು ತಂದ ಸಂಬಂಧದ ಕುಂದು ಏನೆಂಬುದನ್ನು ಬಾಯಿಬಿಟ್ಟು ಹೇಳುವ ತನಕ ಆ ಮನೆಯ ಕಾಫಿಯನ್ನು ಮುಟ್ಟುತ್ತಿರಲಿಲ್ಲ. ಲೋಟ ಎದುರಿಗೆ ಬಂದು, ಹಬೆಯಾಡಿ, ಕೆನೆಗಟ್ಟಿ, ತಣ್ಣಗಾದರೂ ಸರಿಯೇ, ಎರಡೂ ಅಂಗೈಗಳನ್ನು ಮಂಡಿಯ ಮೇಲೂರಿ ಕುಳಿತು, "ಮದ್ಲು ಕುಂದು ಕೇಳ್ಕಳ್ರಿ, ಆಮ್ಯಾಲೆ ಕಾಫಿ ಕುಡಿಯಾನ" ಎನ್ನುತ್ತಿದ್ದರು. ಹುಡುಗನಿಗೆ ಎಡಗಿವಿ ಮಂದ, ಹುಡುಗಿಯ ತಾಯಿಯ ಬಾಯಿ ಊರಿಗೆಲ್ಲ ಕೇಳುವಷ್ಟು ದೊಡ್ಡದು, ಜಮೀನಿನ ಪಹಣಿಯಲ್ಲಿ ಇನ್ನೂ ಸತ್ತ ಅಜ್ಜನ ಹೆಸರೇ ಕೂತಿದೆ, ಹೀಗೆ ಒಂದೊಂದನ್ನೂ ಅಂಗಡಿಯಲ್ಲಿ ಕಾಳು ಹರವಿ ಕಲ್ಲು ತೋರಿಸುವಂತೆ ತೋರಿಸಿ, ಎದುರಿನವರ ಮುಖವನ್ನು ಒಮ್ಮೆ ನೋಡಿ, ಆಮೇಲೆ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಿದ್ದರು. ಗುಣಗಳನ್ನು ವರ್ಣಿಸುವ ಗೋಜಿಗೆ ಮಾತ್ರ ಅವರು ಹೋಗುತ್ತಿರಲಿಲ್ಲ. "ಗುಣ ತಾನಾಗೇ ಕಾಣ್ತೈತ್ರಿ, ಅದಕ್ಕೆ ನಾನ್ಯಾಕೆ ಬೇಕು?" ಎಂಬುದು ಅವರ ವಾದ.

ಶಿಕಾರಿಪುರದ ಪೇಟೆಯಲ್ಲಿ ಅವರದೊಂದು ಕಾಳಿನ ಅಂಗಡಿ. ಅದನ್ನು ಅಣ್ಣನ ಮಗ ಗುರುಪ್ರಕಾಶನ ಕೈಗೊಪ್ಪಿಸಿ, ತಾವು ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳ ನಡುವೆ ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಮದುವೆಯ ದಲ್ಲಾಳಿ ಎಂದು ಯಾರಾದರೂ ಕರೆದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯ ದಿನ ಒಂದು ಶಾಲು, ಒಂದು ತೆಂಗಿನಕಾಯಿ ಬಿಟ್ಟು ಅವರು ಯಾರಿಂದಲೂ ಏನನ್ನೂ ಪಡೆದವರಲ್ಲ. ಎತ್ತರದ, ಒಣಗಿದ ದೇಹ. ಕತ್ತಿನ ತನಕ ಗುಂಡಿ ಹಾಕಿದ ಕಾಫಿಪುಡಿ ಬಣ್ಣದ ಕೋಟು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಊರಿಗೆ ಊರೇ ಅಂಗಿ ಕಳಚಿ ಬೀಸಣಿಗೆ ಹಿಡಿದಿರುವಾಗಲೂ ಆ ಕೋಟಿನ ಒಂದು ಗುಂಡಿಯೂ ಸಡಿಲಾಗುತ್ತಿರಲಿಲ್ಲ. ಅವರ ಬಾಯಿ ಎಷ್ಟು ಬಿಚ್ಚುಮಾತಿನದೋ ಕೋಟು ಅಷ್ಟೇ ಬಿಗಿ ಎಂದು ನಾನು ಅವರೆದುರೇ ಹಾಸ್ಯ ಮಾಡಿದ್ದುಂಟು.

ನನ್ನ ಮದುವೆಯನ್ನು ಮಾಡಿಸಿದವರೂ ಅವರೇ. ಇಲ್ಲಿನ ಕಾಲೇಜಿಗೆ ಕನ್ನಡದ ಅಧ್ಯಾಪಕನಾಗಿ ಬಂದ ಹೊಸತರಲ್ಲಿ, ಒಂಟಿಯಾಗಿ ಹೋಟೆಲಿನ ಊಟ ಉಣ್ಣುತ್ತಿದ್ದ ನನ್ನ ಮೇಲೆ ಕನಿಕರ ಹುಟ್ಟಿ, ನನ್ನನ್ನು ಕೇಳದೆಯೇ ಸೊರಬದ ಕಡೆಯ ಒಂದು ಮನೆಗೆ ಹೋಗಿ, ಕಾಫಿಯ ಲೋಟವನ್ನು ಎದುರಿಗಿಟ್ಟುಕೊಂಡು ಅವರು ಹೇಳಿದರಂತೆ: "ಹುಡುಗ ಮೇಷ್ಟ್ರು. ಬೆಳಿಗ್ಗೆ ಎದ್ದ ಮ್ಯಾಲೆ ಬಾಳ ಹೊತ್ತು ಯಾರೂ ಮಾತಾಡ್ಸಂಗಿಲ್ಲ, ಹರಿಹಾಯ್ತಾನೆ. ಉಣ್ಣಾಕೆ ಕುಂತ್ರೆ ಪುಸ್ತಕ ತೆಗೀತಾನೆ. ಸಾರಿಗೆ ಉಪ್ಪು ಹಾಕ್ಲಿಲ್ಲ ಅಂದ್ರೂ ಅವಂಗೆ ಗೊತ್ತಾಗಲ್ಲ." ನನ್ನ ಹೆಂಡತಿ ಈ ಮೂರನ್ನೂ ಬಾಗಿಲ ಹಿಂದೆ ನಿಂತು ಕೇಳಿಯೇ ಒಪ್ಪಿದವಳು. ಮದುವೆಯಾದ ಮೇಲೆ ತಾನು ಕಂಡುಕೊಂಡ ನಾಲ್ಕನೆಯ ಕುಂದನ್ನು ಮಾತ್ರ ಅವರು ಹೇಳಿರಲಿಲ್ಲ ಎಂದು ಈಗಲೂ ಆಗಾಗ ದೂರುತ್ತಾಳೆ. ಅದು ಯಾವುದೆಂದು ಕೇಳುವ ಸಾಹಸವನ್ನು ನಾನು ಮಾಡಿಲ್ಲ.

ಈ ನೇಮದಿಂದ ಮನೆಗಳು ಕೂಡಿದಂತೆ ಮುರಿದದ್ದೂ ಉಂಟು. ತೊಗರ್ಸಿಯ ಹೂವಮ್ಮ ಎಂಬ ವಿಧವೆಯ ಮಗಳು ಸೌಂದರ್ಯಳಿಗೆ ಒಂದು ಒಳ್ಳೆಯ ಕಡೆ ಮಾತು ನಡೆದಿತ್ತು. ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು. ಅದು ನಿಂತು ಎಷ್ಟೋ ವರ್ಷವಾಗಿತ್ತು. ಗುರುಮಲ್ಲಪ್ಪನವರು ಗಂಡಿನವರ ಮನೆಯಲ್ಲಿ ಅದನ್ನು ಹೇಳಿದರು, ಕಾಫಿ ಕುಡಿದರು, ಸಂಬಂಧ ಅಲ್ಲಿಗೇ ಕಡಿಯಿತು. ಆ ಸುದ್ದಿ ತಿಳಿಸಲು ತೊಗರ್ಸಿಗೆ ಹೋದಾಗ ಹೂವಮ್ಮ ಅಳಲಿಲ್ಲವಂತೆ. "ನಾನೇನು ಸುಳ್ಳು ಹೇಳು ಅಂದಿದ್ನಾ? ಸುಮ್ಕಿರು ಅಂದಿದ್ದೆ, ಅಷ್ಟೇ. ನಿಮ್ಮನಿ ಹೆಣ್ಣಿಗೂ ಗಂಡು ಹುಡುಕೋ ಕಾಲ ಬರ್ತೈತಲ್ಲ, ಅವತ್ತು ನೋಡ್ತೀನಿ" ಎಂದಳಂತೆ. ಇದನ್ನು ನನಗೆ ಹೇಳಿದವರು ಅವರೇ. "ನಾ ಮಾಡಿದ್ದು ತಪ್ಪಲ್ಲ ಮೇಷ್ಟ್ರೇ. ಆದ್ರ ಆ ಹುಡುಗಿ ಇನ್ನೂ ಮದುವಿ ಇಲ್ದೆ ಹಂಗೇ ಐತಿ. ತೊಗರ್ಸಿ ಬಸ್ಸು ಹತ್ತಾಕೆ ಮನಸ್ಸು ಬರಲ್ಲ" ಎಂದರು.

ತೊಂಬತ್ತೇಳರ ಸುಮಾರಿಗೆ ಅವರ ನಡಿಗೆ ಬದಲಾಯಿತು. ಮೊದಲು ಬೀದಿಯ ಆ ತುದಿಯಲ್ಲಿ ಕಂಡವರು ಕಣ್ಣುಮಿಟುಕಿಸುವುದರೊಳಗೆ ಈ ತುದಿಯಲ್ಲಿರುತ್ತಿದ್ದರು. ಈಗ ಮನೆಮನೆಯ ಜಗಲಿಗೂ ನಿಂತು, ಕುಳಿತು, ಎಮ್ಮೆ ಈಯಿತೇ, ಸೊಸೆ ಬಸುರಿಯೇ, ಬೋರಿನಲ್ಲಿ ನೀರು ಬಿತ್ತೇ ಎಂದು ವಿಚಾರಿಸಿಕೊಂಡು ಮುಂದಿನ ಮನೆಗೆ ಹೋಗುವರು. ವಯಸ್ಸಾದಂತೆ ಮನುಷ್ಯನಿಗೆ ಎಷ್ಟು ಪ್ರೀತಿ ಬಂತು ನೋಡಿ ಎಂದು ಓಣಿಯ ಜನ ಕೊಂಡಾಡಿದರು. ಕುಳಿತಾಗ ಬಲಗೈಯನ್ನು ಕೋಟಿನೊಳಗೆ ತೂರಿಸಿ ಎದೆಯ ಮೇಲೆ ಒತ್ತಿ ಹಿಡಿಯುವುದೊಂದು ಹೊಸ ಅಭ್ಯಾಸ. ಏನು ಹುಡುಕುತ್ತೀರಿ ಎಂದರೆ ನಶ್ಯದ ಡಬ್ಬಿ ಎನ್ನುತ್ತಿದ್ದರು. ಅವರು ನಶ್ಯ ಏರಿಸಿದ್ದನ್ನು ಕಂಡ ಒಂದು ನರಪ್ರಾಣಿಯೂ ನಮ್ಮೂರಿನಲ್ಲಿರಲಿಲ್ಲ. ಆದರೂ ಆ ಉತ್ತರದಿಂದ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಸುಳ್ಳು ಹೇಳದವನೆಂದು ಹೆಸರಾದವನ ಸುಳ್ಳು ಬಲು ಸಲೀಸಾಗಿ ಸಾಗುತ್ತದೆ.

ಮರುವರ್ಷ ಅವರ ಒಬ್ಬಳೇ ಮಗಳು ಗಂಗಾಶ್ರೀಗೆ ಸೊರಬದ ಶಿವಮೂರ್ತಪ್ಪನವರ ಮನೆಯಿಂದ ಕೇಳಿಕೆ ಬಂತು. ಹುಡುಗ ಮಹಾಂತೇಶ್, ಆನವಟ್ಟಿಯಲ್ಲಿ ಹೈಸ್ಕೂಲು ಮೇಷ್ಟರು. ತಮ್ಮ ಮಗಳ ಮಾತನ್ನು ತಾವೊಬ್ಬರೇ ಆಡಬಾರದೆಂದು ಗುರುಮಲ್ಲಪ್ಪನವರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಕಾಫಿ ಬಂತು, ಮಂಡಿಯ ಮೇಲೆ ಅಂಗೈಗಳು ಊರಿದವು. ಹುಡುಗಿ ಎಡಚಿ, ಹಟಮಾರಿ, ರೊಟ್ಟಿ ತಟ್ಟಿದರೆ ಅದು ಯಾವ ಆಕಾರಕ್ಕೆ ಬರುತ್ತದೆಂದು ಬಸವಣ್ಣನೇ ಬಲ್ಲ ಎಂದು ಮಗಳ ಕುಂದುಗಳನ್ನು ಬಿಡಿಸಿ ಹೇಳಿದರು. ಶಿವಮೂರ್ತಪ್ಪನವರು ನಕ್ಕುಬಿಟ್ಟರು. "ರೊಟ್ಟಿ ನಮ್ಮನೇಲಿ ಯಾರದ್ದೂ ದುಂಡಗಿಲ್ಲ ಬಿಡಿ" ಎಂದರು. ಆಗ ಒಳಬಾಗಿಲಲ್ಲಿ ಕುಳಿತಿದ್ದ ಅವರ ತಾಯಿ, ಮುದುಕಿ ಈಶ್ವರಮ್ಮ, ಇಂಥ ಮಾತುಕತೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮನೆತನ್ದಗೆ ಕಾಯಿಲೆ ಕಸಾಲೆ ಏನಾರು ಇದ್ಯನಪ್ಪ?"

ಗುರುಮಲ್ಲಪ್ಪನವರು "ಅಂಥಾದ್ದೇನಿಲ್ರವ್ವ" ಎಂದು ಹೇಳಿ, ಇನ್ನೂ ಹಬೆಯಾಡುತ್ತಿದ್ದ ಕಾಫಿಯನ್ನು ಎತ್ತಿ ಕುಡಿದರು. ಅವರು ಬಿಸಿ ಕಾಫಿ ಕುಡಿದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾಲಿಗೆ ಸುಟ್ಟಿರಬೇಕು, ಕಣ್ಣಲ್ಲಿ ನೀರಾಡಿತು. ನಿಶ್ಚಯದ ದಿನವನ್ನು ಗೊತ್ತುಮಾಡಿಕೊಂಡು ನಾವು ಹೊರಟೆವು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರು ಕುಸಿದು ಕುಳಿತಾಗ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು, ಕೈ ಕೋಟಿನೊಳಗಿತ್ತು. ನಾನು ಗಾಬರಿಯಾಗಿ ಕೋಟಿನ ಗುಂಡಿ ಬಿಚ್ಚಹೋದರೆ ಆ ಸ್ಥಿತಿಯಲ್ಲೂ ಕೈ ತಡೆದರು. ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟುಕೊಂಡು ಸ್ವಲ್ಪ ಸುಧಾರಿಸಿಕೊಂಡ ಮೇಲೆ ವಿಷಯ ಹೊರಬಿತ್ತು. ಅವರ ಅಪ್ಪ ಎದೆನೋವಿನಿಂದ ಹೋದವರು, ಅಣ್ಣನೂ ಹಾಗೆಯೇ. ನಮ್ಮೂರಿನ ಡಾಕ್ಟರು ಇವರ ಎದೆಯ ಇಸಿಜಿ ತೆಗೆದು, ತಡಮಾಡದೆ ಬೆಂಗಳೂರಿಗೆ ಹೋಗಿ ಎಂದು ಎಂದೋ ಹೇಳಿದ್ದರು. ಮನೆಯಲ್ಲಿ ಯಾರಿಗೂ ತಿಳಿಸಬೇಡಿ ಎಂದು ಅವರಿಂದ ಮಾತು ತೆಗೆದುಕೊಂಡು ಇವರು ದಿನ ತಳ್ಳುತ್ತಿದ್ದರು.

"ಮದುವಿ ಒಂದು ಆಗ್ಲಿ ಅಂತ ಕಾಯ್ತಿದ್ದೆ ಮೇಷ್ಟ್ರೇ. ಎದಿಬ್ಯಾನಿ ಮನೆತನ ಅಂತ ಒಂದ್ಸಲ ಹೆಸರು ಬಿದ್ರ ಗಂಗಾನ್ನ ಯಾರು ಮಾಡ್ಕಂತಾರ?" ಎಂದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಎರಡರಲ್ಲಿ ಯಾವುದನ್ನು ತೋರಿಸುವುದೆಂದು ತಿಳಿಯದೆ ಬಾಡಿಗೆ ಕಾರು ಹುಡುಕಲು ಹೋದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಾಣ ಹಿಡಿದು ನಿಲ್ಲಿಸಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಜೊತೆಯಲ್ಲಿ ಅವರ ಹೆಂಡತಿ ನೀಲಾಂಬಿಕಮ್ಮ, ಗುರುಪ್ರಕಾಶ, ನಾನು. ಗಂಗಾಶ್ರೀಯನ್ನು, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹೋಗುತ್ತಿದ್ದೇವೆಂದು ನಂಬಿಸಿ, ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಅದು ಗುರುಮಲ್ಲಪ್ಪನವರ ಕಟ್ಟಪ್ಪಣೆಯಾಗಿತ್ತು. ಅಲ್ಲಿ ರಕ್ತನಾಳಗಳ ಚಿತ್ರ ತೆಗೆದು ನೋಡಿದರೆ, ಹಿಂದೆ ಎಂದೋ ಒಮ್ಮೆ ಸದ್ದಿಲ್ಲದೆ ಹೃದಯಾಘಾತವೂ ಆಗಿಹೋಗಿತ್ತು. ಹೃದಯದ ಬಡಿತಕ್ಕೆ ಅರ್ಧ ಬಲವೂ ಉಳಿದಿರಲಿಲ್ಲ. ಎದೆ ಸೀಳಿ ಬೈಪಾಸ್ ಮಾಡುವ ಶಸ್ತ್ರವೈದ್ಯರು, ಈ ಹೃದಯ, ಈ ಸಕ್ಕರೆ, ಈ ಮೂತ್ರಪಿಂಡ ಇಟ್ಟುಕೊಂಡು ತಾವು ಕೈಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟರು. ಉಳಿದದ್ದು ಒಂದೇ ದಾರಿ. ತೊಡೆಸಂದಿಯ ರಕ್ತನಾಳದಿಂದ ಕೂದಲಿನಷ್ಟು ಸಣ್ಣ ತಂತಿಯನ್ನು ಹೃದಯದವರೆಗೆ ಒಯ್ದು, ಕಟ್ಟಿಕೊಂಡ ಜಾಗವನ್ನು ಬಿಡಿಸಿ, ಅಲ್ಲಿ ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆಯನ್ನು ಕೂರಿಸುವುದು. ಆ ಕಾಲಕ್ಕೆ ಅದು ಹೊಸತು. ಇಂಥ ರೋಗಿಗಳಿಗೆ ಅದನ್ನು ಮಾಡುವ ಧೈರ್ಯವಿದ್ದವರು ಇನ್ನೂ ಕಡಿಮೆ.

ಆ ಧೈರ್ಯವಿದ್ದವರು ಡಾಕ್ಟರ್ ಪರಶುರಾಮ ಎಂಬ ನಡುವಯಸ್ಸಿನ, ಗಡ್ಡ ಬೋಳಿಸಲು ಪುರುಸೊತ್ತಿಲ್ಲದ ಮನುಷ್ಯ. ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು ಅವರು ಆಡಿದ ಮೊದಲ ಮಾತೇ ಇದು: "ಯಜಮಾನ್ರೇ, ಮೊದಲು ಅಪಾಯ ಹೇಳ್ತೀನಿ. ನಿಮ್ಮ ರಕ್ತನಾಳ ಕಟ್ಟಿರೋದು ಕವಲು ಒಡೆಯೋ ಜಾಗದಲ್ಲಿ. ಕಟ್ಟಿರೋದು ಸುಣ್ಣದ ಹಾಗೆ ಗಟ್ಟಿಯಾಗಿದೆ, ಒಳಗೆ ಬಲೂನು ಉಬ್ಬಿಸಿದ್ರೂ ಬಗ್ಗಲ್ಲ. ವಜ್ರದ ಪುಡಿ ಅಂಟಿಸಿದ ಸಣ್ಣ ಬೈರಿಗೆಯಿಂದ ಮೊದಲು ಕೊರೀಬೇಕು. ಕೊರೆಯುವಾಗ ನಾಳ ಹರಿಯಬಹುದು, ಬಡಿತ ನಿಲ್ಲಬಹುದು, ನೀವು ಮೇಜಿನ ಮೇಲೇ ಹೋಗಬಹುದು. ಮಾಡದೆ ಬಿಟ್ಟರೂ ಹೋಗ್ತೀರಿ, ಯಾವತ್ತು ಅಂತ ಹೇಳೋಕಾಗಲ್ಲ." ನೀಲಾಂಬಿಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗುರುಮಲ್ಲಪ್ಪನವರ ಮುಖದಲ್ಲಿ ಮಾತ್ರ ಎಷ್ಟೋ ದಿನದ ಮೇಲೆ ಕಳೆ ಬಂತು. ಡಾಕ್ಟರು ಹೋದ ಮೇಲೆ, "ಕುಂದು ಮದ್ಲು ಹೇಳಿದ ನೋಡ್ರಿ. ಈತನ ಕೈಯಾಗೆ ಸತ್ರೂ ಅಡ್ಡಿಲ್ಲ" ಎಂದರು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಅವರ ಹಟ ಶುರುವಾಯಿತು. ಸೊರಬಕ್ಕೆ ಸುದ್ದಿ ಮುಟ್ಟಿಸದೆ ಸಹಿ ಇಲ್ಲ. ನಾನು ಬುದ್ಧಿವಾದ ಹೇಳಿದೆ. ಮೊದಲು ಬದುಕಿ ಬನ್ನಿ, ಆಮೇಲೆ ಸೊರಬಕ್ಕೆ ನಾನೇ ಹೋಗಿ ಹೇಳುತ್ತೇನೆ ಎಂದೆ.

"ಸತ್ತು ಹೋದ್ರ ಯಾರು ಹೇಳ್ತಾರ? ನೀವು ಹೇಳಲ್ಲ. ನನ್ನ ಹೆಣದ ಮ್ಯಾಲಿನ ಮರ್ಯಾದಿಗೆ ಸುಮ್ಕಾಗ್ತೀರಿ."

"ಹೇಳಿದರೆ ಸಂಬಂಧ ಮುರಿದು ಬೀಳುತ್ತೆ, ಗುರುಮಲ್ಲಪ್ಪಾರೇ."

"ಬೀಳ್ಲಿ. ಹೂವಮ್ಮನ ಮಗಳ ಮನಿ ನಿಜ ಹೇಳಿ ಮುರ್ದೆ. ನನ್ನ ಮಗಳ ಮನಿ ಸುಳ್ಳು ಹೇಳಿ ಕಟ್ಟಿದ್ರ ನಾನು ಎಂಥ ಮನ್ಷಾ ಆಗ್ತೀನ್ರಿ?"

ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಬಾಗಿಲಿನ ಎಸ್‌ಟಿಡಿ ಬೂತಿಗೆ ಕರೆದೊಯ್ದೆವು. ದಾದಿ ಹಿಂದೆಯೇ ಬಂದಳು, ಬೈಯುತ್ತಲೇ ಬಂದಳು. ಶಿವಮೂರ್ತಪ್ಪನವರು ಸಿಕ್ಕಿದರು. ಗುರುಮಲ್ಲಪ್ಪನವರು ತಮ್ಮ ಅಪ್ಪನ ಸಾವು, ಅಣ್ಣನ ಸಾವು, ತಮ್ಮ ಹೃದಯದ ಸ್ಥಿತಿ, ನಾಳೆಯ ಚಿಕಿತ್ಸೆಯ ಅಪಾಯ ಎಲ್ಲವನ್ನೂ ಅನ್ಯರ ಮನೆಯ ಕುಂದು ಹೇಳುವ ಅದೇ ಸಮದನಿಯಲ್ಲಿ ಹೇಳಿ, "ಅವತ್ತು ಅವ್ವಾರು ಕೇಳಿದಾಗ ಇಲ್ಲ ಅಂದೆ. ಅದು ಸುಳ್ಳು" ಎಂದು ಮುಗಿಸಿದರು. ಆಚೆ ಕಡೆಯ ಮಾತು ಗಾಜಿನ ಗೂಡಿನಲ್ಲಿ ನಮಗೂ ಕೇಳಿಸಿತು: "ಆಯ್ತು ಬಿಡಿ. ಮೊದ್ಲು ಹುಷಾರಾಗಿ ಬನ್ನಿ. ಆಮೇಲೆ ಮಾತಾಡನ." ರಿಸೀವರ್ ಇಟ್ಟು ಅವರು ನನ್ನ ಕಡೆ ತಿರುಗಿ, "ಆಮ್ಯಾಲೆ ಮಾತಾಡಾನ ಅಂದ್ರ ನಮ್ಮ ಕಸಬಿನಾಗೆ ಇಲ್ಲ ಅಂತ್ಲೇ ಅರ್ಥ" ಎಂದರು. ವಾರ್ಡಿಗೆ ಮರಳಿ ಸಹಿ ಹಾಕಿದರು. ಒಂದು ಲೋಟ ಕಾಫಿ ಬೇಕೆಂದರು. ಇನ್ನು ಮೇಲೆ ಬಾಯಿಗೆ ಏನೂ ಹಾಕುವ ಹಾಗಿಲ್ಲ ಎಂದು ದಾದಿ ಗದರಿದಳು.

ಮರುದಿನ ಬೆಳಿಗ್ಗೆ ಒಳಗೆ ಕರೆದೊಯ್ದರು. ಬೈರಿಗೆ ಸುಣ್ಣವನ್ನು ಕೊರೆಯಿತು. ಮೊದಲ ಸ್ಟೆಂಟ್ ಕೂತಿತು. ಎರಡನೆಯದನ್ನು ಕವಲಿನ ಆಚೆಗೆ ತಳ್ಳುವಾಗ ರಕ್ತದೊತ್ತಡ ಪಾತಾಳಕ್ಕಿಳಿದು ಅವರ ಪ್ರಜ್ಞೆ ತಪ್ಪಿತು. ಇದನ್ನೆಲ್ಲ ಡಾಕ್ಟರ್ ಪರಶುರಾಮ ಆಮೇಲೆ ಹೊರಗೆ ಬಂದು ನಮಗೆ ವಿವರಿಸಿದರು. ಔಷಧಿ ಕೊಟ್ಟು, ಎದೆ ಒತ್ತಿ, ಬಡಿತ ಮರಳಿ ಹಿಡಿದ ಮೇಲೆ ಎರಡನೆಯದನ್ನೂ ಕೂರಿಸಿದರು. ಮೇಜಿನ ಮೇಲೆ ಕಣ್ಣು ತೆರೆದ ರೋಗಿ ಕೇಳಿದ್ದು, "ಕುಂದು ಇನ್ನೇನಾರ ಉಳಿದೈತ್ರಾ?" ಎಂದು. ಒಂದು ಸಣ್ಣ ಕವಲನ್ನು ಮುಟ್ಟಲಾಗಲಿಲ್ಲ, ಹಾಗೆಯೇ ಬಿಟ್ಟಿದ್ದೇನೆ ಎಂದರಂತೆ ಡಾಕ್ಟರು. ಹಾಗೆ ಒಂದು ಕುಂದನ್ನು ಉಳಿಸಿಕೊಂಡೇ ಅವರು ಬದುಕಿದರು. ವಾರ್ಡಿನ ಹೊರಗೆ ನಾನೂ ಗುರುಪ್ರಕಾಶನೂ ನಾಚಿಕೆಯಿಲ್ಲದೆ ಅತ್ತೆವು.

ಊರಿಗೆ ಬಂದು ಕೆಲವು ವಾರ ಕಳೆದ ಮೇಲೆ ಅವರು ಮೊದಲಿನಂತೆ ಬೀಸುಗಾಲು ಹಾಕತೊಡಗಿದರು. ಇದರಿಂದ ಓಣಿಯಲ್ಲಿ ಹೊಸ ತಕರಾರು ಹುಟ್ಟಿತು. ಜಗಲಿಗೆ ಕೂರುತ್ತಿದ್ದವರು ಈಗ ಕೈ ಎತ್ತಿ ಮುಂದೆ ಹೋಗುತ್ತಾರೆ, ಎದೆಯೊಳಗೆ ವಜ್ರದ ಪುಡಿ ಬಿದ್ದ ಮೇಲೆ ಮನುಷ್ಯನಿಗೆ ಗತ್ತು ಬಂದಿದೆ ಎಂದು ಜನ ಆಡಿಕೊಂಡರು. ನಿಂತು ಏದುಸಿರು ಇಳಿಸಿಕೊಳ್ಳಲು ಅವರು ನಮ್ಮ ಜಗಲಿಗಳನ್ನು ಆಶ್ರಯಿಸಿದ್ದರೆಂದು ನಾನು ಎಷ್ಟು ವಿವರಿಸಿದರೂ ಕೆಲವರಿಗೆ ಸಮಾಧಾನವಾಗಲಿಲ್ಲ. ತಮ್ಮ ಎಮ್ಮೆಯ ಬಗ್ಗೆ ಅವರಿಗಿದ್ದ ಕಾಳಜಿ ನಿಜವಾಗಿರಲಿಲ್ಲವೆಂದು ಒಪ್ಪುವುದು ಯಾರಿಗೆ ತಾನೇ ಸುಲಭ?

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಶಿವಮೂರ್ತಪ್ಪನವರು ಹಣ್ಣಿನ ಬುಟ್ಟಿಯೊಂದಿಗೆ ಬಂದರು. ನಾನೂ ಅಲ್ಲಿದ್ದೆ. ಹುಡುಗನಿಗೆ ಮನಸ್ಸಿದೆ, ಮನೆಯ ಹಿರಿಯರಿಗೆ ಯಾಕೋ ಸಮ ಕಾಣುತ್ತಿಲ್ಲ, ಈ ವರ್ಷ ಬೇಡ ಅನ್ನುತ್ತಾರೆ, ತಪ್ಪು ತಿಳಿಯಬೇಡಿ ಎಂದರು. ಒಲ್ಲದ ಸಂಬಂಧವನ್ನು ನೋಯಿಸದೆ ಕೈಬಿಡಲು ಗುರುಮಲ್ಲಪ್ಪನವರು ಎಷ್ಟೋ ಮನೆಗಳಿಗೆ ಹೊತ್ತು ತಿರುಗಿದ್ದ ಮಾತುಗಳೇ ಅವು. ಈಗ ಅವೇ ಅವರ ಹೊಸ್ತಿಲು ದಾಟಿ ಬಂದಿದ್ದವು. ಅವರು ಎಲ್ಲಕ್ಕೂ ತಲೆದೂಗಿದರು. "ನೀವು ಹೇಳಿದ್ರಲ್ಲ, ಅದು ದೊಡ್ಡದು" ಎಂದು ಶಿವಮೂರ್ತಪ್ಪನವರು ಏಳುವಾಗ ಹೇಳಿದಾಗ, ನಿಜ ಹೇಳಬೇಕೆಂದರೆ, ನನ್ನ ಗೆಳೆಯನ ಮುಖದಲ್ಲಿ ಒಂದು ತೃಪ್ತಿ ಸುಳಿಯಿತು. ಮಗಳ ಸಂಬಂಧ ಹೋಯಿತು, ನೇಮ ಉಳಿಯಿತು ಎಂಬ ತೃಪ್ತಿ. ಅದರಲ್ಲಿ ಅಷ್ಟಿಷ್ಟು ಅಹಂಕಾರವೂ ಇತ್ತೆಂದು ನನಗೆ ತೋರಿತು.

ಬಂದವರು ಬೀದಿ ತಿರುಗುವ ತನಕ ಗಂಗಾಶ್ರೀ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ನಾವು ಬೆಂಗಳೂರಿನಿಂದ ಮರಳಿದ ಮೇಲೆ ಅವಳಿಗೆ ಸಂಗತಿ ತಿಳಿದಿತ್ತು. ಹೊರಗೆ ಬಂದು ಅಪ್ಪನೆದುರು ನೆಲದ ಮೇಲೆ ಕುಳಿತಳು.

"ಸೊರಬದೋರಿಗೆ ಹೇಳಿದ್ದು ಚಲೋ ಮಾಡಿದ್ರಿ ಅಪ್ಪಾಜಿ. ಅವ್ರು ಬ್ಯಾರೆ ಮನಿಯೋರು, ಬ್ಯಾಡ ಅಂದು ಎದ್ದು ಹೋದ್ರು. ನಾನು ಹಂಗ ಎದ್ದು ಹೋಗೋಳಲ್ಲ. ನನಗ್ಯಾಕ ಹೇಳ್ಲಿಲ್ಲ? ನೀವು ಆ ಮೇಜಿನ ಮ್ಯಾಲೆ ಹೋಗಿಬಿಟ್ಟಿದ್ರ, ನಾನು ಸಕ್ರಿ ಕಾಯಿಲಿ ಪರೀಕ್ಷೆ ಅಂತ ಅತ್ತಿ ಮನಿಯಾಗೆ ರೊಟ್ಟಿ ತಟ್ಕಂತ ಕುಂತಿರ್ತಿದ್ದೆ."

ಯಾವ ಮನೆಯ ಯಾವ ಪ್ರಶ್ನೆಗೂ ಉತ್ತರ ಹುಡುಕಿಕೊಳ್ಳಬೇಕಾಗಿ ಬಾರದಿದ್ದ ಆ ಮನುಷ್ಯ ಮಗಳ ತಲೆಯ ಮೇಲೆ ಕೈಯಿಡಲು ಹೋಗಿ ಅಳತೊಡಗಿದರು. ಶಿರಾಳಕೊಪ್ಪದ ಕಲ್ಲುಬೆಂಚಿನ ಮೇಲಾಗಲಿ ಆಸ್ಪತ್ರೆಯಲ್ಲಾಗಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ ಇನ್ನು ನನಗೆ ಕೆಲಸವಿಲ್ಲವೆಂದು ತಿಳಿದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಮರುವರ್ಷ ಗಂಗಾಶ್ರೀಗೆ ಬೇರೆ ಕಡೆ ಮದುವೆಯಾಯಿತು, ಗುರುಮಲ್ಲಪ್ಪನವರು ಮಾತ್ರೆ ನುಂಗಿಕೊಂಡು ಇಂದಿಗೂ ಓಡಾಡಿಕೊಂಡಿದ್ದಾರೆ. ಸತ್ಯವನ್ನು ನೇಮದಂತೆ ನಡೆಸುವ ಇಂಥವರು ನಮ್ಮ ಕಡೆಯ ಊರುಗಳಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ; ಊರು ಅವರಿಗೆ ಹೆದರುತ್ತದೆ, ಅವರನ್ನು ನಂಬುತ್ತದೆ, ಅವರ ಮಾತಿನ ಮೇಲೆ ಮನೆಗಳನ್ನು ಕಟ್ಟುತ್ತದೆ. ಅವರ ಧೈರ್ಯ ಸುಳ್ಳಲ್ಲ, ನಾನು ಕಣ್ಣಾರೆ ಕಂಡವನು. ಆದರೆ ಕೇಳಿ ಎದ್ದು ಹೋಗಬಲ್ಲವರ ಎದುರಿಗೆ ನಿಜ ಹೇಳಲು ಸಾಕಾಗುವ ಆ ಧೈರ್ಯ, ಕೇಳಿದ ಮೇಲೂ ಜೊತೆಗೇ ಉಳಿಯುವವರ ಎದುರಿಗೆ ಬಂದಾಗ ಅವರಿಗೆ ಸಾಕಾಗುವುದಿಲ್ಲ.